ಉತ್ತರ: ಗಂಡನ 50ನೇ ಹುಟ್ಟುಹಬ್ಬಕ್ಕೆ 1920ರ ವಿಂಚೆಸ್ಟರ್ ಮಾಡೆಲ್ 12 ಬಂದೂಕು ಕೊಡಬಹುದಾ?

ಯಜಮಾನರ ಹವ್ಯಾಸಕ್ಕೆ ಹೀಗೆ ಜೊತೆ ನಿಂತಿದ್ದೀರಲ್ಲ ಮೇಡಂ, ನಿಜಕ್ಕೂ ಸಂತೋಷ. ನೀವು ನೋಡಿಟ್ಟಿರೋ 16 ಗೇಜ್ (ನಳಿಗೆಯ ಅಗಲದ ಅಳತೆ) ಬಂದೂಕು ಒಳ್ಳೆಯ ಆಯ್ಕೆಯೇ. ಆದರೆ ದುಡ್ಡು ಕೊಡುವ ಮುಂಚೆ ಗನ್‌ಸ್ಮಿತ್ (ಬಂದೂಕು ರಿಪೇರಿಯವರು) ಹತ್ತಿರ ಚೇಂಬರ್, ಅಂದ್ರೆ ನಳಿಗೆಯಲ್ಲಿ ತೋಟಾ ಕೂರೋ ಜಾಗದ ಉದ್ದ ಅಳೆಸಿ. ಆ ಕಾಲದ 16 ಗೇಜ್‌ಗಳಲ್ಲಿ ಅದು ಹೆಚ್ಚಾಗಿ 2 9/16 ಇಂಚು, ಈಗಿನ ತೋಟಾ 2 3/4 ಇಂಚು. ಒಳಗೇನೋ ಕೂರುತ್ತೆ, ಹೊಡೆದಾಗ ತೋಟಾದ ಬಾಯಿ ಪೂರ್ತಿ ಬಿಚ್ಚಿಕೊಳ್ಳೋಕೆ ಜಾಗ ಸಾಲದೆ ಒತ್ತಡ ಏರುತ್ತೆ, ಖಾಲಿ ತೋಟಾ ಹೊರಬರದೆ ಸಿಕ್ಕಿಕೊಳ್ಳುತ್ತೆ. ಸ್ಟೀಲ್ ಚರೆಯಂತೂ ಬೇಡವೇ ಬೇಡ.

ರಿಸೀವರ್ (ಬಂದೂಕಿನ ನಡುವಿನ ಲೋಹದ ದೇಹ) ಅಡಿಯ ನಂಬರೂ ನಳಿಗೆ ಭಾಗದ ನಂಬರೂ ಒಂದೇ ಇರಬೇಕು. ಕೆತ್ತಿದ ಅಕ್ಷರಗಳ ಅಂಚು ಸವೆದು ಬಣ್ಣ ಮಾತ್ರ ಹೊಳೀತಿದ್ರೆ ಮತ್ತೆ ಬ್ಲೂಯಿಂಗ್ (ಲೋಹಕ್ಕೆ ಕೊಡೋ ನೀಲಿ-ಕಪ್ಪು ಬಣ್ಣ) ಆಗಿದೆ ಅಂತ ತಿಳಿದು ಬೆಲೆ ಇಳಿಸಿ ಕೇಳಿ.

ಅಮೆರಿಕದಲ್ಲಿ ಬೇರೆ ರಾಜ್ಯದಿಂದ ತರಿಸೋದಾದರೆ ಲೈಸೆನ್ಸ್ ಇರುವ ಡೀಲರ್ ಮೂಲಕವೇ ಆಗಬೇಕು. ಉಡುಗೊರೆ ಆದ್ದರಿಂದ ಡೀಲರ್ ಹತ್ತಿರ ತುಂಬೋ 4473 ಎಂಬ ಸರ್ಕಾರಿ ಫಾರಂನಲ್ಲಿ ಕೊಳ್ಳುವವರು ನೀವೇ. ಇಬ್ಬರಲ್ಲಿ ಯಾರಾದರೂ ಎಚ್-1ಬಿ ವೀಸಾದಲ್ಲಿದ್ದರೆ ಬಂದೂಕು ಇಟ್ಟುಕೊಳ್ಳಬಹುದಾ ಅಂತ ಮೊದಲು ವಕೀಲರನ್ನು ಕೇಳಿ.