ಕೆಂಪಾಗುವ ಮುಖಕ್ಕೆ ಯಾವ ಫೌಂಡೇಶನ್? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಕೆನ್ನೆ, ಮೂಗು ಸದಾ ಕೆಂಪಗಿರುತ್ತವೆ. ಬಿಸಿಲಿಗೆ ಹೋದರೆ, ಬಿಸಿಯಾಗಿ ಏನಾದರೂ ಕುಡಿದರೆ ಮುಖ ಧಗಧಗ ಅನ್ನುತ್ತದೆ. ಮುಚ್ಚೋಣವೆಂದು ಫೌಂಡೇಶನ್ ಹಚ್ಚಿದರೆ ಐದೇ ನಿಮಿಷಕ್ಕೆ ಚುರುಚುರು. ಮಧ್ಯಾಹ್ನದ ಹೊತ್ತಿಗೆ ಮೂಗಿನ ಪಕ್ಕ ಸಿಪ್ಪೆ ಎದ್ದಂತೆ ಕಾಣುತ್ತದೆ. ಈಗಾಗಲೇ ನಾಲ್ಕು ಬಾಟಲಿ ಬದಲಾಯಿಸಿದ್ದೇನೆ. ಯಾವುದನ್ನು ಕೊಳ್ಳಲಿ?

ಉತ್ತರ: ಐದನೆಯದನ್ನು ಕೊಳ್ಳುವ ಮುನ್ನ ಎರಡು ವಾರ ಫೌಂಡೇಶನ್ ಮುಟ್ಟಬೇಡಿ. ಆ ದಿನಗಳಲ್ಲಿ ನಿಮ್ಮ ಮಾಮೂಲಿ ಮಾಯಿಶ್ಚರೈಸರ್ ಹಚ್ಚಿದಾಗಲೂ ಉರಿಯುತ್ತದೆಯೇ ನೋಡಿ. ಉರಿದರೆ ತಪ್ಪು ಆ ನಾಲ್ಕು ಬಾಟಲಿಗಳದ್ದಾಗಿರಲಿಕ್ಕಿಲ್ಲ. ಚರ್ಮದ ಮೇಲ್ಪದರವೇ ಸವೆದಿರುತ್ತದೆ. ಹಾಗಿರುವಾಗ ಎಷ್ಟೇ ಸೌಮ್ಯವಾದದ್ದನ್ನು ಹಚ್ಚಿದರೂ ಚುರುಗುಟ್ಟುತ್ತದೆ. ಸ್ಕ್ರಬ್, ಟೋನರ್, ಗ್ಲೈಕಾಲಿಕ್ ಆಸಿಡ್, ರೆಟಿನಾಲ್, ತುಂಬಾ ನೊರೆ ಬರುವ ಫೇಸ್‌ವಾಶ್ ಎಲ್ಲವನ್ನೂ ಪಕ್ಕಕ್ಕಿಡಿ. (ರೆಟಿನಾಲ್ ಗುಂಪಿನ ಔಷಧಿಯನ್ನು ವೈದ್ಯರು ಬರೆದುಕೊಟ್ಟಿದ್ದರೆ ಮಾತ್ರ ಅವರನ್ನು ಕೇಳಿಯೇ ನಿಲ್ಲಿಸಿ.) ಕ್ರೀಮಿನಂಥ ಕ್ಲೆನ್ಸರ್, ಗ್ಲಿಸರಿನ್ ಇಲ್ಲವೇ ಸೆರಮೈಡ್ ಇರುವ ಮಾಯಿಶ್ಚರೈಸರ್, ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್: ಈ ಮೂರೇ ಸಾಕು. ಎರಡರಿಂದ ನಾಲ್ಕು ವಾರದಲ್ಲಿ ಉರಿ ತಗ್ಗಿದರೆ ಆಮೇಲೆ ಫೌಂಡೇಶನ್ ಹುಡುಕೋಣ.

ನೀವು ಬರೆದ ಲಕ್ಷಣಗಳು ರೊಸೇಶಿಯಾ ಎಂಬ ದೀರ್ಘಕಾಲದ ಚರ್ಮದ ತೊಂದರೆಯನ್ನೂ ಹೋಲುತ್ತವೆ. ಬಿಸಿಲು, ಸೆಕೆ, ಬಿಸಿ ಪಾನೀಯ, ಖಾರ, ಮದ್ಯ, ಮನಸ್ಸಿನ ಒತ್ತಡ ಇವೆಲ್ಲ ಅದನ್ನು ಕೆರಳಿಸುತ್ತವೆ. ಕಂದು ಮೈಬಣ್ಣದವರಲ್ಲಿ ಈ ಕೆಂಪು ಕೆಂಪಾಗಿ ಕಾಣದೆ ತಾಮ್ರದ ಬಣ್ಣಕ್ಕೋ ನೇರಳೆಗೋ ತಿರುಗಿರುತ್ತದೆ, ಆದ್ದರಿಂದ ಎಷ್ಟೋ ವರ್ಷ ಗೊತ್ತೇ ಆಗುವುದಿಲ್ಲ. ಅಂಥವರು ಕಣ್ಣಿಗೆ ಕಾಣುವ ಬಣ್ಣಕ್ಕಿಂತ ಮುಖ ಕಾಯುವುದನ್ನು, ಉರಿಯುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕಣ್ಣಲ್ಲಿ ಮರಳು ಬಿದ್ದ ಹಾಗೆ ಒತ್ತುತ್ತಿದ್ದರೆ ಅದನ್ನೂ ಚರ್ಮವೈದ್ಯರಿಗೆ ಹೇಳಿ. ರೊಸೇಶಿಯಾ ಕಣ್ಣಿಗೂ ಬರುತ್ತದೆ. ಮೂಗಿನ ಪಕ್ಕ, ಹುಬ್ಬಿನ ಒಳಗೆ ಜಿಡ್ಡು ಹೊಟ್ಟು ಏಳುತ್ತಿದ್ದರೆ ಅದು ಸೆಬೊರಿಕ್ ಡರ್ಮಟೈಟಿಸ್ ಇರಬಹುದು. ಅದಕ್ಕೆ ಬೇರೆಯೇ ಔಷಧಿ. ಅದು ಗುಣವಾಗುವವರೆಗೆ ಯಾವ ಫೌಂಡೇಶನ್ ಹಚ್ಚಿದರೂ ಆ ಜಾಗದಲ್ಲಿ ಸಿಪ್ಪೆಗೆ ಅಂಟಿಕೊಂಡು ನಿಲ್ಲುತ್ತದೆ.

ಇನ್ನು ಕೊಳ್ಳುವ ಮಾತು. ತೆಳ್ಳಗಿನ ದ್ರವರೂಪದ್ದು, ಮಧ್ಯಮ ಕವರೇಜಿನದು (ಚರ್ಮವನ್ನು ಸಾಧಾರಣವಾಗಿ ಮುಚ್ಚುವಂಥದ್ದು), ಪಂಪ್ ಇರುವ ಬಾಟಲಿ ಆರಿಸಿ. ಡಬ್ಬಿಗೆ ಬೆರಳು ಹಾಕಿ ತೆಗೆಯುವಂಥದ್ದು ಬೇಗ ಕೆಡುತ್ತದೆ. ಡೈಮೆಥಿಕೋನ್‌ನಂಥ ಸಿಲಿಕೋನ್ ಬಗ್ಗೆ ಹೆದರಿಕೆ ಬೇಡ. ಅದು ಚರ್ಮದೊಂದಿಗೆ ಜಗಳ ಆಡುವುದು ಅಪರೂಪ, ಮೇಲಾಗಿ ಜಾರುವ ಗುಣವಿರುವುದರಿಂದ ತಿಕ್ಕುವ ಅಗತ್ಯವೇ ಬೀಳುವುದಿಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಫ್ರಾಗ್ರೆನ್ಸ್ ಅಥವಾ ಪಾರ್ಫಮ್ (ಎರಡೂ ಸುಗಂಧವೇ), ಲಿನಲೂಲ್, ಲಿಮೊನೀನ್, ಮೆಂಥಾಲ್, ಕರ್ಪೂರ, ನೀಲಗಿರಿ ಅಥವಾ ಪುದೀನ ಎಣ್ಣೆ, ವಿಚ್ ಹೇಜಲ್ ಕಂಡರೆ ಕೆಳಗಿಡಿ. ಆಲ್ಕೋಹಾಲ್ ಡಿನ್ಯಾಟ್ ಮೊದಲ ನಾಲ್ಕೈದು ಹೆಸರುಗಳಲ್ಲಿದ್ದರೆ ಅದೂ ಬೇಡ. ಪದಾರ್ಥಗಳನ್ನು ಹೆಚ್ಚು ಪ್ರಮಾಣದ್ದರಿಂದ ಕಡಿಮೆಗೆ ಎಂಬ ಕ್ರಮದಲ್ಲಿ ಬರೆದಿರುತ್ತಾರೆ. ಶೇ 1ಕ್ಕಿಂತ ಕಡಿಮೆ ಇರುವವನ್ನು ಹೇಗೆ ಬೇಕಾದರೂ ಜೋಡಿಸಬಹುದು. ಕೊನೆಯಲ್ಲಿ ಬರುವ ಬಣ್ಣಗಳ ಸಂಕೇತ ಸಂಖ್ಯೆಗಳಾದ ಸಿಐ 77491, 77492, 77499 ನೋಡಿ ಗಾಬರಿಯಾಗಬೇಡಿ. ಅವು ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್‌ಗಳು. 77891 ಎಂದರೆ ಟೈಟಾನಿಯಂ ಡೈಆಕ್ಸೈಡ್. ಅಲರ್ಜಿ ತರುವುದು ಇವುಗಳಲ್ಲಿ ತೀರಾ ಕಡಿಮೆ.

‘24 ಗಂಟೆ’, ‘ವಾಟರ್‌ಪ್ರೂಫ್’ ಎಂದು ಬರೆದದ್ದನ್ನು ನಿಮ್ಮಂಥ ಚರ್ಮದವರು ದಿನಬಳಕೆಗೆ ಕೊಳ್ಳಲೇಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಅದರಲ್ಲಿರುವ ಬೇಗ ಆರುವ ದ್ರಾವಕ ಹಾರಿಹೋಗಿ, ಚರ್ಮದ ಮೇಲೆ ಗಟ್ಟಿ ಪೊರೆ ಉಳಿಯುತ್ತದೆ. ರಾತ್ರಿ ಅದನ್ನು ತೆಗೆಯಲು ತಿಕ್ಕಬೇಕು. ಬೆಳಗ್ಗೆ ಮುಚ್ಚಿದ ಕೆಂಪನ್ನು ರಾತ್ರಿ ನಾವೇ ತಿಕ್ಕಿ ಎಬ್ಬಿಸಿದಂತಾಗುತ್ತದೆ.

ಪ್ರಶ್ನೆ: ಕೆಂಪಿಗೆ ಹಸಿರು ಕರೆಕ್ಟರ್ (ಬಣ್ಣ ಸರಿದೂಗಿಸುವ ಕ್ರೀಮ್) ಹಚ್ಚಬೇಕೆಂದು ಓದಿ ಹಚ್ಚಿದೆ. ಬೂದಿ ಬಳಿದ ಹಾಗೆ ಆಯಿತು. ನನ್ನದು ಗೋಧಿ ಬಣ್ಣ.

ಉತ್ತರ: ಹಸಿರು ಕೆಂಪನ್ನು ತಣಿಸುವುದು ನಿಜ, ಬಣ್ಣದ ಚಕ್ರದಲ್ಲಿ ಅವೆರಡೂ ಎದುರುಬದುರು. ಆದರೆ ಕರೆಕ್ಟರ್‌ಗಳ ಹಸಿರಿನಲ್ಲಿ ಬಿಳಿಯ ಅಂಶ ಜಾಸ್ತಿ. ತೀರಾ ಬೆಳ್ಳಗಿನ ಚರ್ಮದ ಮೇಲೆ ಅದು ಕರಗಿಹೋಗುತ್ತದೆ, ಗೋಧಿ ಅಥವಾ ಕಂದು ಬಣ್ಣದ ಮೇಲೆ ಬೂದು ಪದರವಾಗಿ ಉಳಿಯುತ್ತದೆ. ನೀವು ಹಸಿರನ್ನು ಬಿಟ್ಟು, ಹಳದಿ ಅಥವಾ ಆಲಿವ್ ಛಾಯೆಯ ಫೌಂಡೇಶನ್ನನ್ನೇ ಕೆಂಪಿರುವ ಕಡೆ ಇನ್ನೊಂದು ತೆಳು ಪದರ ಹಚ್ಚಿ. ಹೆಚ್ಚಿನವರಿಗೆ ಅಷ್ಟೇ ಸಾಲುತ್ತದೆ. ಮೂಗಿನ ಪಕ್ಕದ ಸಣ್ಣ ರಕ್ತನಾಳಗಳಿಗೆ ಹಸಿರು ಬೇಕೇ ಬೇಕೆಂದರೆ ಅಕ್ಕಿಕಾಳಿನಷ್ಟನ್ನು ಆ ಗೆರೆಯ ಮೇಲೆ ಮಾತ್ರ ಬೆರಳ ತುದಿಯಿಂದ ಒತ್ತಿ.

ಶೇಡ್ ಆರಿಸುವಾಗಲೂ ಇಂಥದ್ದೇ ತಪ್ಪು ನಡೆಯುತ್ತದೆ. ಕೆನ್ನೆ ಕೆಂಪಗಿದೆಯೆಂದು ಗುಲಾಬಿ ಛಾಯೆಯದು ಕೊಳ್ಳುತ್ತಾರೆ, ಮುಖ ಇನ್ನೂ ಕೆಂಪಾಗುತ್ತದೆ. ಕೆಂಪು ಮೇಲಿನದು, ನಿಮ್ಮ ನಿಜವಾದ ಬಣ್ಣ ಕತ್ತಿನಲ್ಲಿದೆ. ದವಡೆಯಿಂದ ಕತ್ತಿನತ್ತ ಮೂರು ಶೇಡ್‌ಗಳ ಸಣ್ಣ ಗೆರೆ ಎಳೆದು, ಅಂಗಡಿಯ ದೀಪದ ಕೆಳಗೆ ತೀರ್ಮಾನಿಸದೆ ಹೊರಗಿನ ಬೆಳಕಿಗೆ ಬನ್ನಿ. 15 ನಿಮಿಷ ಕಾಯಿರಿ, ಕೆಲವು ಫೌಂಡೇಶನ್‌ಗಳು ಆರುತ್ತಾ ಸ್ವಲ್ಪ ಗಾಢವಾಗುತ್ತವೆ. ಕತ್ತಿನಲ್ಲಿ ಕಾಣೆಯಾದದ್ದೇ ನಿಮ್ಮದು. ಮುಖ ಕಾದು ಕೆಂಪೇರಿದ ದಿನ ಶೇಡ್ ನೋಡಲು ಹೋಗಬೇಡಿ.

ಪ್ರಶ್ನೆ: ಲೇಬಲ್ ಮೇಲೆ ‘ಹೈಪೊಅಲರ್ಜೆನಿಕ್’ ಎಂದಿತ್ತು. ಕೈಗೆ ಹಚ್ಚಿ ಒಂದು ಗಂಟೆ ನೋಡಿದೆ, ಏನೂ ಆಗಲಿಲ್ಲ. ಮುಖಕ್ಕೆ ಹಚ್ಚಿದ ಮೂರನೇ ದಿನ ರೆಪ್ಪೆ ಊದಿ, ಕೆನ್ನೆ ತುರಿಸತೊಡಗಿತು. ಹೀಗೇಕೆ?

ಉತ್ತರ: ‘ಅಲರ್ಜಿ ತರುವುದು ಕಡಿಮೆ’ ಎಂಬ ಅರ್ಥದ ಆ ಪದಕ್ಕೆ ಕಾನೂನಿನ ಬಲ ಕಡಿಮೆ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1975ರಲ್ಲಿ ಅದಕ್ಕೊಂದು ನಿಯಮ ತಂದಿತ್ತು, 1977ರಲ್ಲಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಇಂದಿಗೂ ಅಲ್ಲಿ ಆ ಪದದ ಅರ್ಥ ಕಂಪನಿ ಹೇಳಿದ್ದೇ ಆಗಿದೆ. ‘ಅನ್‌ಸೆಂಟೆಡ್’ (ವಾಸನೆಯಿಲ್ಲದ್ದು) ಎಂಬುದನ್ನೂ ನಂಬಬೇಡಿ, ಮೂಲವಾಸನೆ ಮುಚ್ಚಲು ಅದರಲ್ಲಿ ಸುಗಂಧ ಹಾಕಿರಬಹುದು. ‘ಫ್ರಾಗ್ರೆನ್ಸ್ ಫ್ರೀ’ ಎಂದಿರುವುದನ್ನೇ ಹುಡುಕಿ, ಆಮೇಲೂ ಪಟ್ಟಿಯನ್ನು ಓದಿ.

ಒಂದು ಗಂಟೆಯ ಪರೀಕ್ಷೆಗೆ ನಿಮ್ಮ ತೊಂದರೆ ಸಿಗುವುದಿಲ್ಲ. ಹಚ್ಚಿದ ನಿಮಿಷಗಳಲ್ಲೇ ಚುರುಗುಟ್ಟಿ, ತೊಳೆದರೆ ತಣ್ಣಗಾಗುವುದು ಸಾಮಾನ್ಯವಾಗಿ ಬರೀ ಕೆರಳಿಕೆ. ಅಲರ್ಜಿ ನಿಧಾನದ್ದು, ಒಂದೆರಡು ದಿನ ಬಿಟ್ಟು, ಕೆಲವೊಮ್ಮೆ ನಾಲ್ಕನೇ ದಿನಕ್ಕೆ, ತುರಿಕೆ, ಸಣ್ಣ ಗುಳ್ಳೆ, ಊತವಾಗಿ ಬರುತ್ತದೆ. ರೆಪ್ಪೆಯ ಚರ್ಮ ತೆಳುವಾದ್ದರಿಂದ ಅಲ್ಲೇ ಮೊದಲು ಕಾಣಿಸಿಕೊಳ್ಳುವುದುಂಟು.

ಆದ್ದರಿಂದ ಪರೀಕ್ಷೆ ಹೀಗಿರಲಿ. ಮೊಣಕೈ ಒಳಮಡಿಕೆಯ ಹತ್ತಿರ ದೊಡ್ಡ ನಾಣ್ಯದಷ್ಟು ಜಾಗ ಗುರುತು ಮಾಡಿಕೊಂಡು, ಬೆಳಗ್ಗೆ ಸಂಜೆ ಎರಡು ಹೊತ್ತು ಅಲ್ಲೇ ಹಚ್ಚಿ. ಹಚ್ಚಿದ ಮೇಲೆ ತೊಳೆಯಬೇಡಿ. ಏಳರಿಂದ ಹತ್ತು ದಿನ ಹೀಗೆ ಮಾಡಿ. ನಡುವೆ ತುರಿಸಿದರೆ ಅಲ್ಲಿಗೇ ನಿಲ್ಲಿಸಿ. ಏನೂ ಆಗದಿದ್ದರೆ ದವಡೆಯ ಅಂಚಿನಲ್ಲಿ ಮೂರು ದಿನ ನೋಡಿ, ಆಮೇಲೆ ಪೂರ್ತಿ ಮುಖಕ್ಕೆ. ಒಂದು ಸಲಕ್ಕೆ ಒಂದೇ ಹೊಸ ವಸ್ತು. ಫೌಂಡೇಶನ್, ಪ್ರೈಮರ್, ಸ್ಪಾಂಜ್ ಮೂರನ್ನೂ ಒಂದೇ ವಾರ ಶುರು ಮಾಡಿದರೆ ಕಳ್ಳ ಯಾರೆಂದು ಗೊತ್ತಾಗುವುದಿಲ್ಲ.

ಸುಗಂಧ ಬಿಟ್ಟರೆ ಮುಂದಿನ ಗುಮಾನಿ ಕೆಡದಂತೆ ಹಾಕುವ ಪ್ರಿಸರ್ವೇಟಿವ್‌ಗಳ ಮೇಲೆ. ಮೀಥೈಲ್‌ಐಸೋಥಯಾಜೋಲಿನೋನ್ ಎಂಬುದನ್ನು ಹಚ್ಚಿ ತೊಳೆಯದೆ ಬಿಡುವ ಸೌಂದರ್ಯವರ್ಧಕಗಳಲ್ಲಿ ಯುರೋಪಿಯನ್ ಒಕ್ಕೂಟ 2017ರಿಂದ ನಿಷೇಧಿಸಿದೆ. ಡಿಎಂಡಿಎಂ ಹೈಡಾಂಟೋಯಿನ್, ಕ್ವಾಟರ್ನಿಯಂ-15, ಇಮಿಡಜೋಲಿಡಿನೈಲ್ ಯೂರಿಯಾ ಇವು ಅಲರ್ಜಿ ತರಬಲ್ಲ ಫಾರ್ಮಾಲ್ಡಿಹೈಡನ್ನು ಸ್ವಲ್ಪಸ್ವಲ್ಪವೇ ಬಿಡುವಂಥವು. ಸ್ಪಾಂಜನ್ನೂ ಮರೆಯಬೇಡಿ: ರಬ್ಬರ್ ತಯಾರಿಕೆಗೆ ಬಳಸುವ ರಾಸಾಯನಿಕಗಳಿಗೆ ಅಲರ್ಜಿ ಇರುವವರು ಫೌಂಡೇಶನ್ ಮೇಲೆ ತಪ್ಪು ಹೊರಿಸಿ ಅದನ್ನೇ ಬದಲಾಯಿಸುತ್ತಾ ಇರುತ್ತಾರೆ. ಉಗುರು ಬಣ್ಣ, ಕೂದಲ ಬಣ್ಣದ ಅಲರ್ಜಿಯೂ ರೆಪ್ಪೆಯಲ್ಲಿ ಮೇಲೇಳುತ್ತದೆ. ಈಗಿನ ಊತ ಇಳಿದ ಮೇಲೆ ಚರ್ಮವೈದ್ಯರಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಿ. ಗುಮಾನಿಯ ಪದಾರ್ಥಗಳನ್ನು ಬೆನ್ನಿಗೆ ಅಂಟಿಸಿ 48 ಗಂಟೆ ಬಿಟ್ಟು ತೆಗೆಯುತ್ತಾರೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಹೋಗುವಾಗ ಆ ಬಾಟಲಿ, ಸ್ಪಾಂಜ್ ಎರಡನ್ನೂ ಒಯ್ಯಿರಿ.

ಪ್ರಶ್ನೆ: ಫೌಂಡೇಶನ್‌ನಲ್ಲೇ ಎಸ್‌ಪಿಎಫ್ 30 ಇದೆ. ಸನ್‌ಸ್ಕ್ರೀನ್ ಬೇರೆ ಬೇಕೇ?

ಉತ್ತರ: ಬೇಕು. ಎಸ್‌ಪಿಎಫ್ ಸಂಖ್ಯೆಯನ್ನು (ಬಿಸಿಲಿನಿಂದ ರಕ್ಷಿಸುವ ಮಟ್ಟ) ಅಳೆಯುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಮುಖಕ್ಕೆ ಅದು ಸುಮಾರು ಕಾಲು ಟೀ ಚಮಚ ಆಗುತ್ತದೆ. ಅಷ್ಟು ಫೌಂಡೇಶನ್ ಯಾರೂ ಹಚ್ಚುವುದಿಲ್ಲ.

ಪ್ರಶ್ನೆ: ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಅದರ ಮೇಲೆ ಫೌಂಡೇಶನ್ ಹಚ್ಚುವಾಗ ಎಲ್ಲಾ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ. ಹಚ್ಚುವ ಕ್ರಮ, ತೆಗೆಯುವ ಕ್ರಮ ತಿಳಿಸಿ.

ಉತ್ತರ: ಸುರುಳಿ ಏಳುವುದು ಕೆಳಗಿನ ಪದರ ಕೂರುವ ಮೊದಲೇ ಮೇಲಿನದನ್ನು ಉಜ್ಜಿದಾಗ, ಇಲ್ಲವೇ ನೀರಿನ ಆಧಾರದ್ದರ ಮೇಲೆ ಸಿಲಿಕೋನ್ ಆಧಾರದ್ದು ಹೊಂದದೆ ಜಾರಿದಾಗ. ಮಾಯಿಶ್ಚರೈಸರ್ ಹಚ್ಚಿ ಐದು ನಿಮಿಷ, ಸನ್‌ಸ್ಕ್ರೀನ್ ಹಚ್ಚಿ 10ರಿಂದ 15 ನಿಮಿಷ ಬಿಡಿ. ವೈದ್ಯರು ಕೊಟ್ಟ ಜೆಲ್ ಇದ್ದರೆ ಅದು ಎಲ್ಲಕ್ಕಿಂತ ಮೊದಲು, ಪೂರ್ತಿ ಆರಬೇಕು. ಆರಿತೇ ಎಂದು ತಿಳಿಯಲು ಬೆರಳ ಹಿಂಬದಿಯನ್ನು ಕೆನ್ನೆಗೆ ಮುಟ್ಟಿಸಿ, ಅಂಟದಿದ್ದರೆ ಸರಿ.

ಆಮೇಲೆ ಒಂದು ಪಂಪ್ ಫೌಂಡೇಶನ್ ಅಂಗೈ ಹಿಂಬದಿಗೆ ಹಾಕಿಕೊಳ್ಳಿ. ಸ್ಪಾಂಜನ್ನು ನೀರಲ್ಲಿ ಅದ್ದಿ, ಟವೆಲ್‌ನಲ್ಲಿ ಸುತ್ತಿ ಹನಿ ಉಳಿಯದಂತೆ ಹಿಂಡಿ. ಅದರ ತುದಿಗೆ ಬಣ್ಣ ತಾಗಿಸಿ ಮೂಗಿನ ಪಕ್ಕದಿಂದ ಕಿವಿಯ ಕಡೆಗೆ ಮೆಲ್ಲಗೆ ಒತ್ತುತ್ತಾ, ಎತ್ತುತ್ತಾ ಹೋಗಿ. ಎಳೆಯಬೇಡಿ. ಹಣೆ, ಗದ್ದಕ್ಕೆ ಸ್ಪಾಂಜಿನಲ್ಲಿ ಉಳಿದದ್ದು ಸಾಕು. ಎರಡು ನಿಮಿಷ ಬಿಟ್ಟು, ಕೆಂಪು ಇಣುಕುವ ಕಡೆ ಮಾತ್ರ ಎರಡನೇ ಪದರ. ಪೌಡರ್ ಬೇಕಿದ್ದರೆ ಮೂಗಿನ ಮೇಲೆ ಚೂರು. ಒಣ ಕೆನ್ನೆಗೆ ಪೌಡರ್ ಹಾಕಿದರೆ ಪ್ರತಿಯೊಂದು ಸಿಪ್ಪೆಯೂ ಎದ್ದು ಕಾಣುತ್ತದೆ.

ರಾತ್ರಿ: ಕ್ರೀಮ್ ಕ್ಲೆನ್ಸರನ್ನು ಒಣ ಮುಖಕ್ಕೆ ಹಚ್ಚಿ ಬೆರಳ ತುದಿಯಲ್ಲಿ ಅರ್ಧದಿಂದ ಒಂದು ನಿಮಿಷ ಸುತ್ತಿಸಿ, ಉಗುರುಬೆಚ್ಚನೆ ನೀರಲ್ಲಿ ತೊಳೆಯಿರಿ. ಬಣ್ಣ ಉಳಿದಿದ್ದರೆ ಇನ್ನೊಮ್ಮೆ ಹಚ್ಚಿ, ಬೆರಳಿನ ಬಲ ಹೆಚ್ಚಿಸಬೇಡಿ. ಬಿಸಿನೀರು, ಒರೆಸುವ ವೈಪ್ಸ್ ಬೇಡ. ಮೈಸೆಲ್ಲಾರ್ ನೀರು (ಮೇಕಪ್ ತೆಗೆಯುವ ದ್ರವ) ಬಳಸುವವರು ‘ತೊಳೆಯಬೇಕಿಲ್ಲ’ ಎಂದು ಬರೆದಿದ್ದರೂ ತೊಳೆದುಬಿಡಿ, ಅದರಲ್ಲಿ ಸೋಪಿನ ಗುಣದ ಅಂಶ ಇರುತ್ತದೆ. ಮುಖವನ್ನು ಒರೆಸದೆ ಟವೆಲ್ ಒತ್ತಿ ನೀರು ಹೀರಿಸಿ. ಸ್ಪಾಂಜನ್ನು ಪ್ರತಿ ಸಲ, ಬ್ರಷ್ಷನ್ನು ವಾರಕ್ಕೊಮ್ಮೆ ಸುಗಂಧವಿಲ್ಲದ ಸೋಪಿನಿಂದ ತೊಳೆದು ಗಾಳಿಯಲ್ಲಿ ಒಣಗಿಸಿ.

ಪ್ರಶ್ನೆ: ಮಿನರಲ್ ಪೌಡರ್ ಸೂಕ್ಷ್ಮ ಚರ್ಮಕ್ಕೆ ಎಲ್ಲಕ್ಕಿಂತ ಒಳ್ಳೆಯದೇ?

ಉತ್ತರ: ಜಿಡ್ಡು ಚರ್ಮಕ್ಕೆ ಒಳ್ಳೆಯದೇ. ಪದಾರ್ಥಗಳ ಪಟ್ಟಿ ಚಿಕ್ಕದಾಗಿರುತ್ತದೆ, ನೀರಿಲ್ಲದ್ದರಿಂದ ಪ್ರಿಸರ್ವೇಟಿವ್ ಕಡಿಮೆ. ಎರಡು ತೊಡಕು: ಒಣ ಚರ್ಮದಲ್ಲಿ ತೇಪೆಯಾಗುತ್ತದೆ, ಮತ್ತು ಗಟ್ಟಿ ಬ್ರಷ್ಷಿನಿಂದ ಗರಗರ ತಿರುಗಿಸಿ ಹಚ್ಚುವುದರಿಂದಲೇ ಕೆಲವರಿಗೆ ಕೆಂಪೇಳುತ್ತದೆ. ಬೆವರಿದಾಗ ತುರಿಸಿದರೆ ಪಟ್ಟಿಯಲ್ಲಿ ಬಿಸ್ಮತ್ ಆಕ್ಸಿಕ್ಲೋರೈಡ್, ಅಂದರೆ ಸಿಐ 77163 ಇದೆಯೇ ನೋಡಿ. ಹೊಳಪಿಗೆಂದು ಹಾಕುತ್ತಾರೆ. ಇಲ್ಲದ್ದನ್ನು ಕೊಳ್ಳಿ.

ಪ್ರಶ್ನೆ: ನನ್ನ 17 ವರ್ಷದ ಮಗಳು ಬೆಳ್ಳಗಾಗಲೆಂದು ಯಾರೋ ಹೇಳಿದ ಕ್ರೀಮನ್ನು ಆರು ತಿಂಗಳು ಹಚ್ಚಿದಳು. ನಿಲ್ಲಿಸಿದ ವಾರಕ್ಕೇ ಮುಖವೆಲ್ಲ ಕೆಂಪು, ಉರಿ, ಗುಳ್ಳೆ. ಹಚ್ಚಿದರೆ ಕಡಿಮೆಯಾಗುತ್ತದೆ. ಕಾಲೇಜಿನ ಸಮಾರಂಭಕ್ಕೆ ಯಾವ ಫೌಂಡೇಶನ್ ಹಚ್ಚಬಹುದು?

ಉತ್ತರ: ಅಮ್ಮ, ಸದ್ಯಕ್ಕೆ ಯಾವುದೂ ಬೇಡ. ಹಚ್ಚಿದರೆ ಇಳಿಯುವುದು, ಬಿಟ್ಟರೆ ಕೆರಳುವುದು ಸ್ಟಿರಾಯ್ಡ್ ಕ್ರೀಮಿನ ಲಕ್ಷಣ. ಟ್ಯೂಬಿನ ಮೇಲೆ ಬೀಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್ ಈ ಹೆಸರುಗಳಲ್ಲಿ ಯಾವುದಾದರೂ ಇದೆಯೇ ಹುಡುಕಿ. ಹೆಸರೇ ಇಲ್ಲದ ಡಬ್ಬಿಯಾದರೂ ಎಸೆಯಬೇಡಿ. ಅದನ್ನು ತೆಗೆದುಕೊಂಡು ಈ ವಾರವೇ ಚರ್ಮವೈದ್ಯರ ಬಳಿ ಕರೆದೊಯ್ಯಿರಿ. ಮತ್ತೆ ಅದೇ ಕ್ರೀಮಿಗೆ ಮರಳುವುದಾಗಲಿ, ಮನೆಯಲ್ಲೇ ಬೇರೆ ಲೇಪ ಹಾಕುವುದಾಗಲಿ ಬೇಡ. ಚೇತರಿಕೆಗೆ ವಾರಗಳು, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ನಡುವೆ ಉರಿ ಹೆಚ್ಚಾದಂತೆ ಕಂಡು ಮಗಳು ಗಾಬರಿಯಾಗಿ ಕ್ರೀಮ್ ಹುಡುಕುತ್ತಾಳೆ, ಆಗ ನೀವು ಜೊತೆಗಿರಬೇಕು. ಸಮಾರಂಭಕ್ಕೆ ಕಣ್ಣಿಗೆ ಕಾಡಿಗೆ, ತುಟಿಗೆ ಬಣ್ಣ ಹಚ್ಚಿಕೊಳ್ಳಲಿ; ಕೆನ್ನೆಯನ್ನು ಬಿಟ್ಟುಬಿಡಲಿ.

ಪ್ರಶ್ನೆ: ತೆರೆದ ಬಾಟಲಿ ಎಷ್ಟು ದಿನ ಬರುತ್ತದೆ?

ಉತ್ತರ: ತೆರೆದ ಡಬ್ಬಿಯ ಸಣ್ಣ ಚಿತ್ರದೊಳಗೆ 6ಎಂ, 12ಎಂ ಎಂದಿರುತ್ತದೆ, ತೆರೆದ ಮೇಲೆ ಅಷ್ಟು ತಿಂಗಳು. ತೆರೆದ ದಿನಾಂಕವನ್ನು ಬಾಟಲಿಯ ತಳದಲ್ಲಿ ಬರೆದಿಡಿ. ವಾಸನೆ ಬದಲಾದರೆ, ಅಲುಗಾಡಿಸಿದರೂ ಎಣ್ಣೆ ಬೇರೆಯಾಗಿಯೇ ನಿಂತರೆ ಅವಧಿ ಉಳಿದಿದ್ದರೂ ಬಿಸಾಡಿ.