ಹಳೆ ಮನೆ ರಿಪೇರಿ, ಸಬ್ಸಿಡಿ, ಕೈಲಿರುವ ದುಡ್ಡು ಕಡಿಮೆ: ಯಾವ ಕೆಲಸ ಮೊದಲು?

ಹಳೆ ಮನೆ ರಿಪೇರಿಗೆ ಕೈ ಹಾಕಿದ್ದೀರಿ. ಹೊಸ ಕಿಟಕಿಗೂ, ಕರೆಂಟ್‌ನಲ್ಲಿ ಮನೆ ಬಿಸಿ ಮಾಡುವ ಯಂತ್ರವಾದ ಹೀಟ್ ಪಂಪ್‌ಗೂ ಸರ್ಕಾರದ ಸಬ್ಸಿಡಿ ಇದೆ, ಎರಡನ್ನೂ ಮಾಡಿಸುವಷ್ಟು ದುಡ್ಡಿಲ್ಲ, ಯಾವುದು ಮೊದಲು ಅಂತ ಕೇಳಿದ್ದೀರಿ. ನನ್ನ ಉತ್ತರ: ಸದ್ಯಕ್ಕೆ ಎರಡೂ ಬೇಡ. ಮೊದಲು ತಲೆ ಎತ್ತಿ ಚಾವಣಿ ನೋಡಿ.

ಮನೆಗಳ ಎನರ್ಜಿ ಆಡಿಟ್ ಮಾಡುವುದು, ಅಂದರೆ ಶಾಖ, ಕರೆಂಟ್ ಎಲ್ಲಿ ಪೋಲಾಗುತ್ತಿದೆ ಅಂತ ಪರೀಕ್ಷಿಸುವುದು ನನ್ನ ಕೆಲಸ. ನನ್ನನ್ನು ಕರೆಯುವ ಹೊತ್ತಿಗೆ ಬಹಳ ಜನ ಯಾವ ಮಿಷನ್ ಕೊಳ್ಳಬೇಕು ಅಂತ ಆಗಲೇ ತೀರ್ಮಾನ ಮಾಡಿರುತ್ತಾರೆ. ಯಾವುದಕ್ಕೆ ಸಬ್ಸಿಡಿ ಇದೆಯೋ ಅದೇ ಬೇಕು ಅನಿಸುತ್ತದೆ. ಆದರೆ ಸಬ್ಸಿಡಿ ಪಟ್ಟಿ ಮಾಡಿದವರು ನಿಮ್ಮ ಮನೆ ನೋಡಿಲ್ಲ, ಅಲ್ವಾ?

ಚಾವಣಿಯ ಲೆಕ್ಕ ಸರಳ. ಇನ್ಸುಲೇಶನ್ (ಶಾಖ ತಡೆಯುವ ಪದರ) ಏನೂ ಇಲ್ಲದ ಚಾವಣಿಗೆ 10 ಸೆಂಟಿಮೀಟರ್ ಗಾಜಿನ ಉಣ್ಣೆ ಹಾಸಿದರೆ ಅಲ್ಲಿಂದ ಹಾದುಹೋಗುವ ಶಾಖ ಹೆಚ್ಚುಕಡಿಮೆ ಆರನೇ ಒಂದು ಪಾಲಿಗೆ ಇಳಿಯುತ್ತದೆ. ಇನ್ನೂ 10 ಸೆಂಟಿಮೀಟರ್ ಸೇರಿಸಿದರೆ? ಮೊದಲಿದ್ದ ನಷ್ಟದ ಲೆಕ್ಕದಲ್ಲಿ ಇನ್ನೊಂದು ಎಂಟು ಪರ್ಸೆಂಟ್ ಉಳಿಯಬಹುದು, ಅಷ್ಟೇ. ಅಂದರೆ ಮೊದಲ ಪದರದಲ್ಲೇ ಲಾಭ ಜಾಸ್ತಿ. ಚಳಿ ಜಾಗದಲ್ಲಿ ಇದು ಬಿಸಿಯನ್ನು ಒಳಗೆ ಹಿಡಿಯುತ್ತದೆ, ಸೆಕೆ ಜಾಗದಲ್ಲಿ ಹೊರಗೆ ತಡೆಯುತ್ತದೆ. ಬಿಸಿಲು ಜೋರಿರುವ ಕಡೆ ಮೇಲ್ಮೈಗೆ ಬಿಳಿ ಬಣ್ಣ ಬಳಿದರೂ ಒಳ್ಳೆ ಫಲ ಸಿಗುತ್ತದೆ.

ಒಂದು ಎಚ್ಚರಿಕೆ. ಹಾಸುವ ಮೊದಲು ಎಲೆಕ್ಟ್ರಿಷಿಯನ್ ಕರೆದು ಚಾವಣಿಯ ವೈರಿಂಗ್ ತೋರಿಸಿ. 2009ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಮನೆಗಳ ಚಾವಣಿ ಇನ್ಸುಲೇಶನ್‌ಗೆ ದುಡ್ಡು ಕೊಡಲು ಶುರು ಮಾಡಿತು. ತರಬೇತಿ ಇಲ್ಲದವರೂ ಕೆಲಸಕ್ಕೆ ಇಳಿದರು. ನಾಲ್ವರು ಯುವ ಕೆಲಸಗಾರರು ಸತ್ತರು, ಹೆಚ್ಚಿನವರು ಕರೆಂಟ್ ಹೊಡೆದು. 2010ರ ಫೆಬ್ರವರಿಯಲ್ಲಿ ಯೋಜನೆ ನಿಂತಿತು.

ಆಮೇಲೆ ಗಾಳಿ ಸೋರುವ ಸಂದುಗಳು. ಪೈಪ್ ಗೋಡೆ ದಾಟುವ ಜಾಗ, ಅಟ್ಟದ ಬಾಗಿಲು, ಚೌಕಟ್ಟಿನ ಸುತ್ತ, ಸ್ವಿಚ್ ಬೋರ್ಡ್ ಹಿಂದೆ. ನಾವು ಮುಂಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ, ಒಳಗೂ ಹೊರಗೂ 50 ಪ್ಯಾಸ್ಕಲ್ ಒತ್ತಡದ ವ್ಯತ್ಯಾಸ ಮಾಡಿ ಇದನ್ನು ಅಳೆಯುತ್ತೇವೆ. ನೀವು ಗಾಳಿ ಬೀಸುವ ದಿನ ಒಂದು ಊದುಬತ್ತಿ ಹಿಡಿದು ಓಡಾಡಿದರೂ ದೊಡ್ಡ ಸೋರಿಕೆಗಳು ಗೊತ್ತಾಗುತ್ತವೆ. ಸೀಲಂಟ್, ರಬ್ಬರ್ ಪಟ್ಟಿ, ಅರ್ಧ ದಿನದ ಕೆಲಸ. ಹೆಚ್ಚಿನ ಕಡೆ ಇಷ್ಟು ಚಿಲ್ಲರೆ ಕೆಲಸಕ್ಕೆ ಸಬ್ಸಿಡಿ ಸಿಗಲ್ಲ, ಹಾಗಾಗಿ ಯಾರೂ ಇದರ ಬಗ್ಗೆ ಮಾತಾಡಲ್ಲ. ಪೂರ್ತಿ ಮುಚ್ಚಿಬಿಟ್ಟು ಗಾಳಿ ಬದಲಾಗುವ ವ್ಯವಸ್ಥೆ ಮಾತ್ರ ಮರೆಯಬೇಡಿ. ಬಚ್ಚಲು, ಅಡುಗೆಮನೆಯ ತೇವ ಹೊರಹೋಗದಿದ್ದರೆ ಗೋಡೆಗೆ ಬೂಷ್ಟು ಬರುತ್ತದೆ. ಮನೆಯೊಳಗೆ ಗ್ಯಾಸ್ ಅಥವಾ ಸೌದೆ ಉರಿಯುತ್ತಿದ್ದರೆ ಇದು ಜೀವದ ಪ್ರಶ್ನೆ.

ಈಗ ಹೀಟ್ ಪಂಪ್. ಒಳ್ಳೆಯ ಯಂತ್ರವೇ. ಅದು ಶಾಖವನ್ನು ತಯಾರಿಸುವುದಿಲ್ಲ, ಹೊರಗಿನ ಗಾಳಿಯಿಂದ ಎತ್ತಿ ಒಳಗೆ ತರುತ್ತದೆ. ಅದಕ್ಕೇ 1 ಯೂನಿಟ್ ಕರೆಂಟ್‌ಗೆ ಸುಮಾರು 3 ಯೂನಿಟ್ ಶಾಖ ಕೊಡುತ್ತದೆ. ಕಾಯಿಲ್ ಹೀಟರ್ ಕೊಡುವುದು ಒಂದಕ್ಕೆ ಒಂದು. ಆದರೆ ಸೋರುವ ಮನೆಗೆ ಹಾಕಿಸಿದರೆ ದೊಡ್ಡ ಸೈಜ್ ಬೇಕಾಗುತ್ತದೆ. ನಾಳೆ ಚಾವಣಿ ಸರಿ ಮಾಡಿಸಿದ ಮೇಲೆ ಅದೇ ಯಂತ್ರ ಅಗತ್ಯಕ್ಕಿಂತ ದೊಡ್ಡದಾಗಿ, ಪದೇ ಪದೇ ಆನ್-ಆಫ್ ಆಗುತ್ತಾ ಸುಮ್ನೆ ಕರೆಂಟ್ ತಿನ್ನುತ್ತದೆ. ಮನೆ ಬಿಗಿ ಮಾಡಿ, ಆಮೇಲೆ ಅಳತೆ ತೆಗೆಸಿ.

ಕಿಟಕಿ ಕೊನೆಗೆ. ಚೌಕಟ್ಟು ಕೊಳೆತಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಹಾಕಿದ ದುಡ್ಡು ವಾಪಸ್ ಬರುವುದಕ್ಕೆ ಇದೇ ಹೆಚ್ಚು ವರ್ಷ ಹಿಡಿಯುತ್ತದೆ. ಬಿಸಿಲಿನ ಕಾಟಕ್ಕಾದರೆ ಹೊರಗಡೆ ನೆರಳು ಮಾಡಿ. ಗಾಜು ದಾಟಿ ಬಂದ ಶಾಖವನ್ನು ಒಳಗಿನ ಪರದೆ ಪೂರ್ತಿ ವಾಪಸ್ ಕಳಿಸಲಾರದು.

ಸಬ್ಸಿಡಿ ವಿಷಯದಲ್ಲಿ ಜನ ಎಡವುವುದು ತಾರೀಖಿನಲ್ಲಿ. ಅನೇಕ ಯೋಜನೆಗಳಲ್ಲಿ ಮಂಜೂರಾತಿಗೆ ಮೊದಲೇ ಕೆಲಸ ಶುರು ಮಾಡಿದರೆ, ಕೆಲವು ಕಡೆ ಕಂಟ್ರಾಕ್ಟರ್ ಜೊತೆ ಸಹಿ ಹಾಕಿದರೂ ಸಾಕು, ಅರ್ಜಿ ಬಿದ್ದುಹೋಗುತ್ತದೆ. ದುಡ್ಡು ಸಾಮಾನ್ಯವಾಗಿ ಕೆಲಸ ಮುಗಿದ ಮೇಲೆ ಬರುತ್ತದೆ, ಅಲ್ಲಿಯವರೆಗೆ ನೀವೇ ಹೊಂದಿಸಬೇಕು. ಯೋಜನೆಯೇ ಮಧ್ಯದಲ್ಲಿ ನಿಲ್ಲುವುದೂ ಉಂಟು. ಇಂಗ್ಲೆಂಡ್‌ನ ಗ್ರೀನ್ ಹೋಮ್ಸ್ ಗ್ರಾಂಟ್ 2020ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ 2021ರ ಮಾರ್ಚ್ ಕೊನೆಗೆ ಹೊಸ ಅರ್ಜಿಗಳಿಗೆ ಬಾಗಿಲು ಹಾಕಿತು. ಹಾಗಾಗಿ ಸಬ್ಸಿಡಿ ಬರದಿದ್ದರೆ ತೂಗಿಸಲಾಗದ ಕೆಲಸಕ್ಕೆ ಕೈ ಹಾಕಬೇಡಿ.

ಕೊಟೇಶನ್ ಎರಡು ಮೂರು ತರಿಸಿ. ಇಟಲಿ 2020ರಲ್ಲಿ ಇಂಥ ರಿಪೇರಿ ಖರ್ಚಿನ ಮೇಲೆ ಶೇ 110ರಷ್ಟು ತೆರಿಗೆ ರಿಯಾಯಿತಿ ಘೋಷಿಸಿತು. ಖರ್ಚಿಗಿಂತ ಜಾಸ್ತಿ ವಾಪಸ್ ಬರುವಾಗ ಯಾರು ಚೌಕಾಸಿ ಮಾಡುತ್ತಾರೆ? ರೇಟುಗಳು ಏರಿದವು. ನಿಮ್ಮ ಕಂಟ್ರಾಕ್ಟರ್‌ಗೆ ಮೊದಲು ಸಬ್ಸಿಡಿ ಮಾತು ಎತ್ತದೆ ರೇಟ್ ಕೇಳಿ. ಅವರ ಹೆಸರು ಸರ್ಕಾರದ ಅಧಿಕೃತ ಪಟ್ಟಿಯಲ್ಲಿ ಇದೆಯಾ ಅಂತ ನೀವೇ ನೋಡಿಕೊಳ್ಳಿ.

ಚಾವಣಿ ಮುಚ್ಚುವ ಮೊದಲು ಹಾಸಿದ್ದರ ಪಕ್ಕ ಟೇಪ್ ಹಿಡಿದು ದಪ್ಪ ಕಾಣುವಂತೆ ಫೋಟೋ ತೆಗೆದಿಡಿ. ತಪಾಸಣೆಗೆ ಬರುವವರು ಮುಚ್ಚಿದ ಮೇಲೆ ಬಂದರೆ ಒಳಗೆ ಏನಿದೆ ಅಂತ ತೋರಿಸಲು ಬೇರೆ ದಾರಿ ಇರುವುದಿಲ್ಲ.