ಎಲ್ಲದಕ್ಕೂ ‘ಸಿಟ್ಟು’ ಎಂದರೆ ಹೇಗೆ?

ಓದುಗರ ಪತ್ರ: ಮೂಡಿಗೆರೆ ಹತ್ತಿರದ ಕಾಫಿ ತೋಟದಲ್ಲಿ ರೈಟರ್ (ಆಳುಗಳ ಕೆಲಸ, ಲೆಕ್ಕ ನೋಡಿಕೊಳ್ಳುವವ) ಆಗಿದ್ದೇನೆ. ಕೊಯ್ಲಿನ ಹೊತ್ತಿಗೇ ಮಳೆ ಹಿಡಿಯಿತು. ಸಾಹುಕಾರರು ಫೋನಿನಲ್ಲಿ ರೇಗಿದರು, ಸಿಟ್ಟು ಬಂತು. ಬುಟ್ಟಿಯಲ್ಲಿ ಹಸಿರುಕಾಯಿ ಕಂಡು ಇನ್ನೂ ಸಿಟ್ಟು ಬಂತು, ಒಬ್ಬ ಹೆಣ್ಣಾಳಿಗೆ ಎಲ್ಲರೆದುರು ಬೈದೆ. ಮಾರನೇ ದಿನ ನಾಲ್ವರು ಪಕ್ಕದ ತೋಟಕ್ಕೆ ಹೋದರು. ಮನೆಯಲ್ಲಿ ಹೆಂಡತಿ ‘ಯಾಕಿಷ್ಟು ಹೊತ್ತು’ ಎಂದದ್ದಕ್ಕೂ ಸಿಟ್ಟು, ಉಣ್ಣದೆ ಎದ್ದೆ. ಭಾವನೆಗಳನ್ನು ಹತೋಟಿಯಲ್ಲಿ ಇಡುವುದು ಹೇಗೆ?

ಸಂಪಾದಕರ ಉತ್ತರ: ಹತೋಟಿ ಎಂಬ ಪದ ಸ್ವಲ್ಪ ಬದಿಗಿಡಿ. ಭಾವನಾತ್ಮಕ ಬುದ್ಧಿವಂತಿಕೆ ಎಂದರೇನೆಂದು ಮನಶ್ಶಾಸ್ತ್ರಜ್ಞರಾದ ಪೀಟರ್ ಸಾಲೋವಿ ಮತ್ತು ಜಾನ್ ಮೇಯರ್ 1990ರಲ್ಲಿ ವಿವರಿಸಿದಾಗ ಹೇಳಿದ್ದು ತನ್ನ ಮತ್ತು ಎದುರಿನವರ ಭಾವನೆ ಗಮನಿಸುವುದು, ಒಂದರಿಂದ ಇನ್ನೊಂದನ್ನು ಬೇರ್ಪಡಿಸುವುದು, ಆ ತಿಳಿವಳಿಕೆಯಿಂದ ಮುಂದಿನ ಹೆಜ್ಜೆ ಇಡುವುದು. ನುಂಗಿಕೊಂಡರೆ ಒಳಗಿನ ಕಾವು ಆರುವುದಿಲ್ಲ. ಸಾಹುಕಾರರೆದುರು ನೀವು ನುಂಗಿದ್ದು ಆ ಹೆಂಗಸಿನ ಮೇಲೆ ಹೊರಬಿತ್ತಲ್ಲ.

ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿ. ಮೂರು ಕಡೆ ‘ಸಿಟ್ಟು’ ಇದೆ, ಮೂರೂ ಬೇರೆ. ಫೋನ್ ಬಂದಾಗ ಆದದ್ದು ಬಹುಶಃ ಅವಮಾನ, ಅದರಡಿ ಕೆಲಸ ಹೋದೀತೆಂಬ ದಿಗಿಲು. ಹಸಿರುಕಾಯಿ ಕಂಡಾಗ ಕಳವಳ: ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರಿಗೆ ಹೋದರೆ ಸಿಪ್ಪೆ ಸರಿಯಾಗಿ ಬಿಡದೆ ಬೀಜ ಗಾಯವಾಗುತ್ತದೆ, ಬೈಗುಳ ಮತ್ತೆ ನಿಮಗೇ. ಮನೆಯಲ್ಲಿ ಇದ್ದದ್ದು ಸುಸ್ತು ಮತ್ತು ಹಸಿವು. ಸಿಡುಕು, ಮುನಿಸು, ಇರಿಸುಮುರಿಸು, ಬೇಸರ ಎಂದು ನಮ್ಮಲ್ಲಿ ಇಷ್ಟು ಪದ ಇರುವಾಗ ಎಲ್ಲವನ್ನೂ ಒಂದೇ ಮೂಟೆಗೆ ಯಾಕೆ ತುಂಬಬೇಕು? 2007ರಲ್ಲಿ ಮನಶ್ಶಾಸ್ತ್ರಜ್ಞ ಮ್ಯಾಥ್ಯೂ ಲೀಬರ್‌ಮನ್ ತಂಡ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಭಾವನೆಗೆ ಹೆಸರು ಹೇಳಿದ ಹೊತ್ತಿನಲ್ಲಿ ಭಯದಂಥ ಭಾವನೆಗಳಿಗೆ ಸ್ಪಂದಿಸುವ ಮಿದುಳಿನ ಭಾಗವಾದ ಅಮಿಗ್ಡಲಾದ ಚಟುವಟಿಕೆ ಇಳಿದಿತ್ತು. ಹೆಸರು ಸಿಕ್ಕರೆ ಮದ್ದೂ ಸಿಗುತ್ತದೆ: ಹಸಿವಿಗೆ ಊಟ, ದಿಗಿಲಿಗೆ ಸಾಹುಕಾರರ ಜೊತೆ ಬಿಡಿಸಿ ಮಾತು.

ಎರಡು ವಾರ ಜೇಬಿನಲ್ಲೊಂದು ಪುಟ್ಟ ಪುಸ್ತಕ ಇಡಿ. (ಆಳುಗಳ ಹಾಜರಿ ಪುಸ್ತಕವಾದ ಚೆಕ್‌ರೋಲಿನ ಹಿಂದೆ ಬರೆಯಬೇಡಿ, ಸಾಹುಕಾರರು ಓದಿಯಾರು.) ದಿನಕ್ಕೆ ಮೂರು ಸಾಲು, ಒಂದೊಂದರಲ್ಲೂ ಇಷ್ಟು: ಗಂಟೆ, ಏನಾಯಿತು, ಮೈಯಲ್ಲಿ ಎಲ್ಲಿ ಗೊತ್ತಾಯಿತು, ಭಾವನೆಯ ಹೆಸರು. ಹೆಚ್ಚಿನವರು ಎಡವುವುದು ಕೊನೆಯದರಲ್ಲಿ. ‘ಮೇಸ್ತ್ರಿ ಸರಿಯಿಲ್ಲ’ ಎಂದು ಬರೆದುಬಿಡುತ್ತಾರೆ. ಅದು ತೀರ್ಪು, ಭಾವನೆ ಅಲ್ಲ. ದವಡೆ ಬಿಗಿಯುವುದೋ ಕಿವಿ ಬಿಸಿಯಾಗುವುದೋ ನಿಮ್ಮ ಮೊದಲ ಸೂಚನೆ ಯಾವುದೆಂದು ಒಂದು ವಾರದಲ್ಲೇ ತಿಳಿಯುತ್ತದೆ.

ಆ ಸೂಚನೆ ಕಂಡಾಗ ಏನು ಮಾಡುವುದೆಂದು ಮೊದಲೇ ಗೊತ್ತು ಮಾಡಿಕೊಂಡಿರಿ, ಆ ಕ್ಷಣದಲ್ಲಿ ಹೊಸ ಉಪಾಯ ಹೊಳೆಯುವುದಿಲ್ಲ. ‘ಸಾಹುಕಾರರ ಫೋನ್ ಇಟ್ಟ ಮೇಲೆ ನೀರಿನ ಟ್ಯಾಂಕಿನವರೆಗೆ ನಡೆದು ಆಮೇಲೆ ಆಳುಗಳ ಹತ್ತಿರ ಹೋಗುತ್ತೇನೆ’ ಎಂಬಷ್ಟು ಖಚಿತವಾಗಿರಲಿ. ಅಲ್ಲಿ 4 ಸೆಕೆಂಡು ಉಸಿರು ಒಳಗೆ, 6 ಸೆಕೆಂಡು ಹೊರಗೆ, ಎರಡು ಮೂರು ನಿಮಿಷ.

ಆಮೇಲೆ ಕಂಡದ್ದನ್ನಷ್ಟೇ ಹೇಳಿ: ‘ಅಕ್ಕಾ, ಈ ಬುಟ್ಟೀಲಿ ಹಸಿರು ಜಾಸ್ತಿ ಬಿದ್ದಿದೆ, ಯಾಕೆ?’ ಆ ‘ಯಾಕೆ’ ನಿಜವಾಗಿ ಕೇಳಿದ್ದಾಗಿರಬೇಕು. ಕೆ.ಜಿ. ಲೆಕ್ಕದ ಕೂಲಿಯಾದರೆ ಹಣ್ಣು ಆರಿಸುತ್ತ ನಿಂತವರಿಗೆ ದುಡ್ಡು ಕಮ್ಮಿ, ಹಾಗಾಗಿ ಕೈ ಗೊಂಚಲನ್ನೇ ಬಾಚುತ್ತದೆ. ತಪ್ಪು ಕೂಲಿಯ ಲೆಕ್ಕದಲ್ಲಿದ್ದರೆ ಬೈದು ಪ್ರಯೋಜನವಿಲ್ಲ.

ಮನೆಯ ವಿಷಯ. ಎದೆ ಡವಡವ ಎನ್ನುವಾಗ ಮಾತು ಕಿವಿಗೆ ಹೋಗುವುದಿಲ್ಲ. ದಂಪತಿಗಳ ಜಗಳವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್ ಹೇಳುವುದು ಕನಿಷ್ಠ 20 ನಿಮಿಷದ ಬಿಡುವು. ಆದರೆ ಸುಮ್ಮನೆ ಎದ್ದು ಹೋದರೆ ಅದು ಮುನಿಸೆಂದೇ ಹೆಂಡತಿಗೆ ಅನಿಸುತ್ತದೆ. ‘ತುಂಬಾ ಸುಸ್ತಾಗಿದೆ, ಸ್ನಾನ ಮಾಡಿ ಬಂದು ಮಾತಾಡ್ತೀನಿ’ ಎಂದು ಹೇಳಿ ಹೋಗಿ, ಹೇಳಿದಂತೆ ಬನ್ನಿ. ಸ್ನಾನದ ಮನೆಯಲ್ಲಿ ಅದೇ ಜಗಳ ಮೆಲುಕು ಹಾಕುತ್ತ ನಿಂತರೆ ಬಿಡುವು ದಂಡ.

ಇನ್ನು ಆ ಹೆಂಗಸು. ಎಲ್ಲರೆದುರು ಬೈದದ್ದಕ್ಕೆ ಮರೆಯಲ್ಲಿ ಕ್ಷಮೆ ಕೇಳಿದರೆ ಸಾಲದು. ಆಳುಗಳು ಸೇರಿದ ಹೊತ್ತಿನಲ್ಲೇ ‘ಅವತ್ತು ನಾನು ಹಾಗೆ ಬೈಬಾರದಿತ್ತು, ತಪ್ಪಾಯ್ತು’ ಅನ್ನಿ. ಅದರ ಬಾಲಕ್ಕೆ ‘ಆದರೂ ನೀವು ಹಸಿರು ಕೊಯ್ದಿರಿ’ ಎಂದು ಸೇರಿಸಬೇಡಿ, ಹಸಿರುಕಾಯಿಯ ಮಾತು ಮಾರನೇ ದಿನಕ್ಕಿರಲಿ.